ಪದ ಪರಿಚಯ: ಪೇಟಿ

ಬಸವಕಲ್ಯಾಣ, ಹುಮನಾಬಾದ ಕಡೆ ಭಜನೆಗೆ ಕುಳಿತವರು 'ಪೇಟಿ ತಗೊಂಡು ಬಾ' ಅಂದರೆ ಟ್ರಂಕು ತರಬೇಡಿ. ಅವರು ಕೇಳುತ್ತಿರುವುದು ಹಾರ್ಮೋನಿಯಂ. ನಮ್ಮ 'ಪೆಟ್ಟಿಗೆ', ಸಂಸ್ಕೃತದ 'ಪೇಟಿಕಾ', ಮರಾಠಿಯ 'ಪೇಟಿ' ಒಂದೇ ಬಳಗದವು. ವಾದ್ಯದ ಅರ್ಥ ಮಾತ್ರ ಮರಾಠಿಯ 'ಬಾಜಾಚಿ ಪೇಟಿ'ಯ ನೆರೆಯಿಂದ ಬಂದದ್ದು.

ವಾದ್ಯದ ಮೂಲ ಯುರೋಪು. ಅಲ್ಲಿನ ಚರ್ಚುಗಳ ದೊಡ್ಡ ಆರ್ಗನ್ನಿನಲ್ಲಿ ಸಾಲು ಕೊಳವೆಗಳಿಗೆ ಗಾಳಿ ಊದಿ ನಾದ ಹೊರಡಿಸುತ್ತಾರೆ. ಪೇಟಿಯಲ್ಲಿ ಕೊಳವೆಯಿಲ್ಲ. ಎಡಗೈ ಹಿಂದಿನ ತಿದಿ ಒತ್ತುತ್ತದೆ, ಬಲಗೈ ಮನೆಗಳ (ಕೀಲಿಗಳ) ಮೇಲೆ ಓಡುತ್ತದೆ, ಒಳಗೆ ತೆಳು ಹಿತ್ತಾಳೆಯ ನಾಲಗೆ ಕಂಪಿಸುತ್ತದೆ. 'ಹಾರ್ಮೋನಿಯಂ' ಎಂಬ ಹೆಸರಿಟ್ಟವನು 19ನೇ ಶತಮಾನದ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೆಂ. ಕಾಲಲ್ಲಿ ತುಳಿಯುತ್ತಿದ್ದ ಅದನ್ನು ನೆಲದಲ್ಲಿ ಕೂತು ನುಡಿಸುವಂತೆ ಮಾಡಿದ ಶ್ರೇಯ ಕಲ್ಕತ್ತೆಯ ದ್ವಾರಕಾನಾಥ ಘೋಷರದು. ತುಳಿಯುವುದು ನಾಟಕ ಕಂಪನಿಗಳಲ್ಲಿ 'ಕಾಲುಪೇಟಿ'ಯಾಗಿ ಉಳಿಯಿತು.

ಬಳಕೆ ನೋಡಿ: ಬಯಲಾಟ ಕಲಿಸುವವರು 'ಪೇಟಿ ಮಾಸ್ತರ', ಹಾಡುವವರ ಶ್ರುತಿ 'ಕರಿ ಎರಡು', 'ಬಿಳಿ ನಾಲ್ಕು'. ಮನೆಗಳ ಬಣ್ಣವೇ ಶ್ರುತಿಯ ಹೆಸರಾಗಿದ್ದು ನನಗೆ 'ಪೇಟಿ'ಗಿಂತಲೂ ಸೊಗಸು.

ಈ ಸೀಮೆಯ ಹಾಡಿನ ಪರಂಪರೆ ಪೇಟಿಗಿಂತ ಹಳೆಯದು. ಹುಮನಾಬಾದ ಬಳಿಯ ಮಾಣಿಕನಗರದಲ್ಲಿ ದತ್ತ ಜಯಂತಿಗೆ ಸಂಗೀತ ದರಬಾರು ನಡೆಯುತ್ತದೆ. ಬಸವಕಲ್ಯಾಣ ಸೀಮೆಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಸಂತ ಮಾಣಿಕಪ್ರಭುಗಳು ಕನ್ನಡ, ಮರಾಠಿ, ಹಿಂದಿಗಳಲ್ಲಿ ಪದ ಕಟ್ಟಿದವರು. ಅವರು ಸಮಾಧಿಸ್ಥರಾದದ್ದು 1865ರಲ್ಲಿ, ಕೈಪೇಟಿ ಹಬ್ಬುವ ಮೊದಲೇ.

ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿಗೆ ಒಗ್ಗದ ವಾದ್ಯವೆಂದು ಆಕಾಶವಾಣಿ 1940ರಲ್ಲಿ ಪೇಟಿಯನ್ನು ಹೊರಗಿಟ್ಟಿತು. ನಿಷೇಧ ಸಡಿಲಾದದ್ದು 1971ರಲ್ಲಿ.