ಮೌಸ್ ಹಚ್ಚಿದ ಮ್ಯಾಲೂ ಬಾಣ ತಾನಾಗೇ ಜಿಗಿತೈತೇನ್ರಿ? ಲ್ಯಾಪ್‌ಟಾಪ್ ಟಚ್‌ಪ್ಯಾಡ್ ಬಂದ್ ಮಾಡೋದು ಹೀಗೆ

ಹಿರೇಬೆಂಡಿಗೇರಿ (ಶಿಗ್ಗಾವಿ ತಾ.): ಬೆಳೆವಿಮೆ ಕಟ್ಟಲು ಎರಡೇ ದಿನ ಉಳಿದಿದ್ದವು. ಗೆಳೆಯನ ಆನ್‌ಲೈನ್ ಅಂಗಡಿಯಲ್ಲಿ ಪಾಳಿ ಬಾಗಿಲು ದಾಟಿ ರಸ್ತೆಗೆ ಬಂದಿತ್ತು. ಅವನಿಗೆ ಒಂದು ಕೈ ಆಗಲಿ ಅಂತ ನಾನೂ ಒಂದು ಲ್ಯಾಪ್‌ಟಾಪ್ ಮುಂದೆ ಕೂತೆ. ಮೆಕ್ಕೆಜೋಳದ ವಿಮೆಗೆ ಬಂದಿದ್ದ ಅಜ್ಜಾರೊಬ್ಬರ ಪಾಸ್‌ಬುಕ್ ನೋಡಿ ಖಾತೆ ನಂಬರ್ ಹೊಡೆಯುತ್ತಿದ್ದೆ. ನಡುವೆ ಅಂಗೈ ಎಲ್ಲೋ ತಾಗಿತು. ಕರ್ಸರ್ ಎರಡು ಅಂಕಿ ಹಿಂದಕ್ಕೆ ಜಿಗಿದು ಕೂತಿತು. ನನಗೆ ಗೊತ್ತೇ ಆಗಲಿಲ್ಲ, ಉಳಿದ ಮೂರು ಅಂಕಿ ಅಲ್ಲೇ ನಡುವೆ ಹೋಗಿ ಸೇರಿಕೊಂಡವು. ಅಂಕಿಗಳ ಎಣಿಕೆ ಸರಿ ಇತ್ತು, ಸಾಲು ತಪ್ಪಿತ್ತು.

ಸಬ್‌ಮಿಟ್ ಒತ್ತುವ ಮೊದಲು ಅಜ್ಜಾರೇ ಪಾಸ್‌ಬುಕ್ ಮೇಲೆ ಬೆರಳಿಟ್ಟು, "ತಮ್ಮಾ, ಕಡೀ ನಂಬರ್ ಏಳು ಐತಿ ನೋಡು, ನೀ ಮೂರು ಮಾಡೀದಿ" ಅಂದರು. ಅವರು ನೋಡದೇ ಇದ್ದಿದ್ದರೆ ಪರಿಹಾರದ ದುಡ್ಡು ಎಲ್ಲಿಗೆ ಹೋಗ್ತಿತ್ತೋ, ಇಲ್ಲಾ ಎಲ್ಲಿ ಸಿಕ್ಕೊಂಡು ಕೂಡ್ತಿತ್ತೋ.

ತಪ್ಪು ನನ್ನದೇ. ಆದ್ರ ಆ ಕರ್ಸರ್ ಜಿಗಿಸಿದ್ದು ಕೀಬೋರ್ಡ್ ಕೆಳಗಿನ ಆ ನುಣುಪು ಚೌಕ, ಅಂದ್ರೆ ಟಚ್‌ಪ್ಯಾಡ್. ಮೌಸ್ ಹಚ್ಚಿತ್ತು, ಟಚ್‌ಪ್ಯಾಡ್‌ಗೆ ಕೆಲಸವೇ ಇರಲಿಲ್ಲ, ಆದರೂ ಚಾಲೂ ಇತ್ತು. ಅವತ್ತಿನಿಂದ ನಾನು ಯಾರ ಅಂಗಡಿಗೆ ಹೋದರೂ ಮೊದಲು ಇದನ್ನೇ ನೋಡುತ್ತೇನೆ. ಹತ್ತರಲ್ಲಿ ಎಂಟು ಕಡೆ ಚಾಲೂ ಇರುತ್ತದೆ ಅಂದ್ರೂ ಅತಿಶಯ ಅಲ್ಲ.

ನಮ್ಮ ಕಡೆ ಅಂಗಡಿಗಳಲ್ಲಿ ಡೆಸ್ಕ್‌ಟಾಪ್‌ಗಿಂತ ಲ್ಯಾಪ್‌ಟಾಪ್ ಜಾಸ್ತಿ. ಕಾರಣ ಎಲ್ಲರಿಗೂ ಗೊತ್ತು: ಕರೆಂಟ್ ಹೋದ್ರೂ ಅರ್ಜಿ ಅರ್ಧಕ್ಕೆ ನಿಲ್ಲಬಾರದು. 2022ರಲ್ಲಿ ಗ್ರಾಮ ಒನ್ ಬಂತು, 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾಯ್ತು, ಆಮೇಲೆ ಹಳ್ಳಿ ಲ್ಯಾಪ್‌ಟಾಪ್‌ಗಳಿಗೆ ಪುರುಸೊತ್ತೇ ಇಲ್ಲ. ಇದರ ಜೊತೆ ಡಿಗ್ರಿ ಕಾಲೇಜಿನ ಹುಡುಗರಿಗೆ ಸರ್ಕಾರ ಕೊಟ್ಟ ಲ್ಯಾಪ್‌ಟಾಪ್‌ಗಳೂ ಮನೆಮನೆಯಲ್ಲಿ ಅದಾವ. (ನಾನು ಡಿಗ್ರಿ ನಡುವೆ ಬಿಟ್ಟವ, ನನಗೆ ಸಿಗಲಿಲ್ಲ.) ದಿನವಿಡೀ ಟೈಪ್ ಮಾಡುವವರು ಎಲ್ಲರೂ ಮೌಸ್ ಹಚ್ಚಿಕೊಂಡೇ ಮಾಡುತ್ತಾರೆ. ಹಂಗಾಗಿ ಈ ತೊಂದರೆ ಎಲ್ಲರದ್ದೂ.

ಮುಟ್ಟದಿದ್ದರೂ ಯಾಕೆ ಜಿಗಿಯುತ್ತದೆ?

ಟಚ್‌ಪ್ಯಾಡ್ ಒಳಗೆ ತೆಳುವಾದ ತಂತಿಗಳ ಬಲೆ ಇರುತ್ತದೆ. ಬೆರಳು ಹತ್ತಿರ ಬಂದರೆ ಸಾಕು, ಅಲ್ಲಿನ ವಿದ್ಯುತ್ತಿನ ಲೆಕ್ಕ ಬದಲಾಗಿ ಬೆರಳು ಎಲ್ಲಿದೆ ಅಂತ ಅದಕ್ಕೆ ತಿಳಿಯುತ್ತದೆ. ಒತ್ತಬೇಕು ಅಂತಿಲ್ಲ. ಟೈಪ್ ಮಾಡುವಾಗ ಹೆಬ್ಬೆರಳಿನ ಬುಡ ಹಗುರಾಗಿ ತಾಗಿದ್ರೂ ಅದು "ಕ್ಲಿಕ್ ಆಯ್ತು" ಅಂತ ತಿಳಿಯುತ್ತದೆ. ಬಾಣ ಆಗ ಎಲ್ಲಿರುತ್ತದೋ ಅಲ್ಲಿಗೆ ಕರ್ಸರ್ ಹೋಗಿ ಕೂಡುತ್ತದೆ. ಅಂಗೈ ಯಾವುದು, ಬೆರಳು ಯಾವುದು ಅಂತ ಗುರುತಿಸುವ ವ್ಯವಸ್ಥೆ ಹೊಸ ಲ್ಯಾಪ್‌ಟಾಪ್‌ಗಳಲ್ಲಿದೆ, ಆದ್ರ ಅದು ಪೂರಾ ನಂಬೋಹಂಗಿಲ್ಲ.

ಕನ್ನಡ ಟೈಪಿಂಗ್‌ನಲ್ಲಿ ಇದು ಇನ್ನೂ ಕಾಡುತ್ತದೆ. ನುಡಿ ಕೀಲಿಮಣೆಯಲ್ಲಿ ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕು. 'ಬಸಪ್ಪ' ಅಂತ ಹೊಡೆಯುವಾಗ ಎಫ್ ಒತ್ತಿದ ಮೇಲೆ ಕರ್ಸರ್ ಹಾರಿದರೆ 'ಬಸಪ್' ಒಂದು ಕಡೆ ಉಳಿದು, 'ಪ' ಅಪ್ಪನ ಹೆಸರಿನ ಖಾನೆಯಲ್ಲಿ ಹೋಗಿ ಬೀಳುತ್ತದೆ. ಹೆಸರು ಒಂದಕ್ಷರ ತಪ್ಪಿದ್ದಕ್ಕೆ ತಾಲೂಕು ಆಫೀಸಿಗೆ ಎಷ್ಟು ಸಲ ಅಡ್ಡಾಡಬೇಕು ಅಂತ ಪಹಣಿ ತಿದ್ದುಪಡಿಗೆ ಓಡಾಡಿದವರನ್ನ ಕೇಳ್ರಿ.

ವಿಂಡೋಸ್ 11 ಇದ್ದವರು

ವಿಂಡೋಸ್ ಕೀ ಒತ್ತಿಹಿಡಿದು ಐ ಅಕ್ಷರ ಒತ್ತಿ, ಸೆಟ್ಟಿಂಗ್ಸ್ ತೆರೆಯುತ್ತದೆ. ಎಡಗಡೆ ಪಟ್ಟಿಯಲ್ಲಿ 'ಬ್ಲೂಟೂತ್ ಅಂಡ್ ಡಿವೈಸಸ್' ಮೇಲೆ ಒತ್ತಿ. ಬಲಗಡೆ ಕೆಳಗೆ ಬಂದರೆ 'ಟಚ್‌ಪ್ಯಾಡ್' ಸಿಗುತ್ತದೆ. ಅದರೊಳಗೆ ಹೋದ ಮೇಲೆ ಎಲ್ಲಕ್ಕಿಂತ ಮೇಲೆ ಟಚ್‌ಪ್ಯಾಡ್ ಆನ್-ಆಫ್ ಗುಂಡಿ ಕಾಣುತ್ತದೆ. ಬಹಳ ಜನ ಇಲ್ಲೇ ಎಡವುವುದು. ಆ ಗುಂಡಿಯನ್ನು ಆಫ್ ಮಾಡಬೇಡಿ. ಮಾಡಿದರೆ ಮೌಸ್ ತೆಗೆದ ಮೇಲೂ ಟಚ್‌ಪ್ಯಾಡ್ ಸತ್ತಂಗೇ ಇರುತ್ತದೆ. ಗುಂಡಿಯ ಬಾಜೂಕ ಒಂದು ಸಣ್ಣ ಕೆಳಮುಖದ ಬಾಣದ ಗುರುತಿದೆ, ಅದನ್ನು ಒತ್ತಿ. ಒಳಗೆ 'ಲೀವ್ ಟಚ್‌ಪ್ಯಾಡ್ ಆನ್ ವ್ಹೆನ್ ಎ ಮೌಸ್ ಇಸ್ ಕನೆಕ್ಟೆಡ್' ಅಂತ ಇರುತ್ತದೆ. ಮೌಸ್ ಹಚ್ಚಿದಾಗಲೂ ಟಚ್‌ಪ್ಯಾಡ್ ಚಾಲೂ ಇರಲಿ ಅಂತ ಅದರ ಅರ್ಥ. ಅದರ ಮುಂದಿನ ಟಿಕ್ ತೆಗೆಯಿರಿ. ಆಯ್ತು, ಸೇವ್ ಮಾಡೋದು ಏನೂ ಇಲ್ಲ.

ಇನ್ನು ಮುಂದೆ ಮೌಸ್ ಹಚ್ಚಿದ ಕೂಡಲೇ ಟಚ್‌ಪ್ಯಾಡ್ ತಾನೇ ಬಂದ್ ಆಗುತ್ತದೆ, ಮೌಸ್ ಕಿತ್ತರೆ ತಾನೇ ಚಾಲೂ ಆಗುತ್ತದೆ. ಒಮ್ಮೆ ಮಾಡಿದರೆ ಸಾಕು.

ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್ ಒಳಗೆ 'ಡಿವೈಸಸ್', ಅದರೊಳಗೆ 'ಟಚ್‌ಪ್ಯಾಡ್'. ಅದೇ ಸಾಲು, ಅದೇ ಟಿಕ್. ಮಾತಿಗೆ ಬಂತು ಅಂತ ಹೇಳ್ತೇನಿ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬೇರೆಯವರ ಆಧಾರ್, ಬ್ಯಾಂಕ್ ಖಾತೆ ಕೈಯಾಡುವ ಅಂಗಡಿಯವರು ಈ ಕಡೆಗೂ ಲಕ್ಷ್ಯ ಕೊಡಬೇಕು.

ಆ ಸಾಲೇ ಕಾಣದಿದ್ದರೆ

ಹಳೆ ಲ್ಯಾಪ್‌ಟಾಪ್‌ಗಳಲ್ಲಿ, ಅದರಲ್ಲೂ ಸೆಕೆಂಡ್ ಹ್ಯಾಂಡ್ ತಂದವುಗಳಲ್ಲಿ, ಈ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಇರುವುದಿಲ್ಲ. ಅಂಥವರು ಕಂಟ್ರೋಲ್ ಪ್ಯಾನೆಲ್ ತೆರೆದು 'ಮೌಸ್' ಒಳಗೆ ಹೋಗಿ. ಮೇಲಿನ ಟ್ಯಾಬ್‌ಗಳಲ್ಲಿ ಕಡೆಯದ್ದು ಸಿನಾಪ್ಟಿಕ್ಸ್, ಎಲಾನ್ ಅಥವಾ 'ಡಿವೈಸ್ ಸೆಟ್ಟಿಂಗ್ಸ್' ಅಂತ ಇರುತ್ತದೆ. ಅಲ್ಲಿ 'ಡಿಸೇಬಲ್ ಇಂಟರ್ನಲ್ ಪಾಯಿಂಟಿಂಗ್ ಡಿವೈಸ್' ಅಂತ ಶುರುವಾಗುವ ಸಾಲಿಗೆ ಟಿಕ್ ಹಾಕಬೇಕು. ಗಮನ ಇರಲಿ, ಮೇಲಿನದರಲ್ಲಿ ಟಿಕ್ ತೆಗೆಯೋದು, ಇಲ್ಲಿ ಟಿಕ್ ಹಾಕೋದು. ಮಾತು ಉಲ್ಟಾ ಇದೆ.

ಡಿವೈಸ್ ಮ್ಯಾನೇಜರ್‌ಗೆ ಹೋಗಿ ಅಲ್ಲಿ ಡಿಸೇಬಲ್ ಮಾಡ್ರಿ ಅಂತ ಕೆಲವರು ಹೇಳಿಕೊಡುತ್ತಾರೆ. ನಾನು ಬೇಡ ಅನ್ನುತ್ತೇನೆ. ಅಲ್ಲಿ ಬಂದ್ ಮಾಡಿದ್ದು ಮೌಸ್ ಕಿತ್ತರೂ ತಿರುಗಿ ಬರುವುದಿಲ್ಲ, ನೀವೇ ಹೋಗಿ ಚಾಲೂ ಮಾಡಬೇಕು. ಮೌಸ್ ಕೆಟ್ಟ ದಿನ ಪಜೀತಿ.

ಉಬುಂಟು ಹಾಕಿಕೊಂಡವರಿಗೆ ಸೆಟ್ಟಿಂಗ್ಸ್‌ನಲ್ಲಿ 'ಮೌಸ್ ಅಂಡ್ ಟಚ್‌ಪ್ಯಾಡ್' ಒಳಗೆ ಆಫ್ ಮಾಡಲು ಬರುತ್ತದೆ.

ಒಂದೇ ಗುಂಡಿಯಲ್ಲಿ

ಕೀಬೋರ್ಡ್ ಮೇಲ್ಸಾಲಿನ ಎಫ್1ರಿಂದ ಎಫ್12ರ ತನಕ ಕಣ್ಣಾಡಿಸಿ. ಸಣ್ಣ ಚೌಕ, ಅದರ ಮೇಲೆ ಬೆರಳು ಅಥವಾ ಅಡ್ಡಗೆರೆ ಇರುವ ಚಿತ್ರ ಕಂಡರೆ ಅದೇ ಟಚ್‌ಪ್ಯಾಡ್ ಗುಂಡಿ. ಎಡಮೂಲೆಯ ಎಫ್‌ಎನ್ ಗುಂಡಿ ಹಿಡಿದು ಅದನ್ನು ಒತ್ತಬೇಕು. ಯಾವ ನಂಬರ್ ಅನ್ನೋದು ಕಂಪನಿಗೊಂದು, ಮಾಡೆಲ್‌ಗೊಂದು. ಹಳೆ ಏಸರ್‌ಗಳಲ್ಲಿ ಎಫ್7, ಲೆನೊವೊದಲ್ಲಿ ಎಫ್6 ಇಲ್ಲಾ ಎಫ್10, ಏಸಸ್‌ನಲ್ಲಿ ಎಫ್9 ಇಲ್ಲಾ ಎಫ್6 ಸಾಮಾನ್ಯ. ಹಳೆ ಎಚ್‌ಪಿ ಕೆಲವು ಮಾಡೆಲ್‌ಗಳಲ್ಲಿ ಗುಂಡಿಯೇ ಇಲ್ಲ, ಟಚ್‌ಪ್ಯಾಡ್‌ನ ಮೇಲಿನ ಎಡಮೂಲೆಗೆ ಎರಡು ಸಲ ಬಡಿದರೆ ಬಂದ್ ಆಗಿ ಸಣ್ಣ ದೀಪ ಹತ್ತುತ್ತದೆ.

ಇದೇ ಗುಂಡಿ ಅಪ್ಪಿತಪ್ಪಿ ಒತ್ತಿದರೂ ಟಚ್‌ಪ್ಯಾಡ್ ಬಂದ್ ಆಗುತ್ತದೆ. "ಟಚ್‌ಪ್ಯಾಡ್ ಹೋಗೇತಿ" ಅಂತ ಲ್ಯಾಪ್‌ಟಾಪ್ ಚೀಲದಾಗ ಹಾಕ್ಕೊಂಡು ಹುಬ್ಬಳ್ಳಿ ಬಸ್ ಹತ್ತುವ ಮೊದಲು ಇದೊಂದು ಗುಂಡಿ ಒತ್ತಿ ನೋಡ್ರಿ. ಬಸ್ ಚಾರ್ಜೂ ಉಳೀತದ, ಬಿಚ್ಚಿ ನೋಡಿದ್ದಕ್ಕೆ ಕೊಡುವ ದುಡ್ಡೂ ಉಳೀತದ.

ಎರಡೂ ಬೇಕು ಅನ್ನುವವರು ಟಚ್‌ಪ್ಯಾಡ್ ಸೆಟ್ಟಿಂಗ್ಸ್‌ನಲ್ಲಿ 'ಟ್ಯಾಪ್ಸ್' ತೆರೆದು ಸೆನ್ಸಿಟಿವಿಟಿಯನ್ನು 'ಲೋ' ಮಾಡಿಕೊಳ್ಳಬಹುದು. ಒಂದು ಬೆರಳು ತಾಗಿದರೆ ಕ್ಲಿಕ್ ಆಗುವ ಟಿಕ್ ತೆಗೆದುಬಿಟ್ಟರೆ ಇನ್ನೂ ಒಳ್ಳೇದು. ಆಮೇಲೆ ಗಟ್ಟಿಯಾಗಿ ಒತ್ತಿದರೆ ಮಾತ್ರ ಕ್ಲಿಕ್.

ವೈರ್‌ಲೆಸ್ ಮೌಸ್‌ನವರು ಇದನ್ನ ಓದ್ರಿ

ವೈರ್ ಇಲ್ಲದ ಮೌಸ್‌ಗೆ ಉಗುರಿನಷ್ಟು ಯುಎಸ್‌ಬಿ ರಿಸೀವರ್ ಬರುತ್ತದೆ. ಕಂಪ್ಯೂಟರ್ ಮಟ್ಟಿಗೆ ಮೌಸ್ ಅಂದ್ರೆ ಆ ರಿಸೀವರೇ. ಮೌಸ್ ಮನೆಯಲ್ಲಿ ಮರೆತು ಬಂದಿದ್ದರೂ, ಸೆಲ್ ಮುಗಿದಿದ್ದರೂ, ರಿಸೀವರ್ ಸಿಕ್ಕಿಸಿಕೊಂಡಿದ್ದರೆ ಮೌಸ್ ಇದೆ ಅಂತಲೇ ಅದು ತಿಳಿಯುತ್ತದೆ, ಟಚ್‌ಪ್ಯಾಡ್ ಬಂದ್ ಇರುತ್ತದೆ. ಗಾಬರಿ ಬೇಡ, ರಿಸೀವರ್ ಕಿತ್ತರೆ ಟಚ್‌ಪ್ಯಾಡ್ ವಾಪಸ್. ವೈರ್‌ಲೆಸ್ ಕೀಬೋರ್ಡ್ ಮತ್ತು ಮೌಸ್ ಒಂದೇ ರಿಸೀವರ್‌ನಲ್ಲಿ ಬಂದಿದ್ದರೆ, ಕೀಬೋರ್ಡ್ ಮಾತ್ರ ಬಳಸಿದರೂ ಹೀಗೇ ಆಗುತ್ತದೆ.

ಬಂದ್ ಮಾಡಿ ಸುಮ್ಮನಾಗಬಾರದ ಎರಡು ಸಂದರ್ಭ

ಚಾರ್ಜರ್ ಹಚ್ಚಿದಾಗ ಮಾತ್ರ ಬಾಣ ನಡುಗುತ್ತದೆಯೇ? ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನಡೆಸಿ ನೋಡಿ. ನಿಂತರೆ ಟಚ್‌ಪ್ಯಾಡ್‌ದು ತಪ್ಪಲ್ಲ, ಚಾರ್ಜರ್‌ದು ಇಲ್ಲಾ ಅರ್ಥಿಂಗ್‌ದು. ಮೂರು ಪಿನ್ನಿನ ದಪ್ಪ ಪಿನ್ ಮುರಿದು ಎರಡರಲ್ಲೇ ಓಡಿಸುವುದು, ಅರ್ಥ್ ತಂತಿಯೇ ಇಲ್ಲದ ಎಕ್ಸ್‌ಟೆನ್ಷನ್ ಬೋರ್ಡ್, ಒಣಗಿಹೋದ ಅರ್ಥಿಂಗ್ ಗುಂಡಿ, ಇವೆಲ್ಲ ನಮ್ಮ ಊರುಗಳಲ್ಲಿ ಹೊಸದಲ್ಲ. ಲ್ಯಾಪ್‌ಟಾಪ್‌ನ ಲೋಹದ ಮೈ ಮುಟ್ಟಿದರೆ ಜುಮ್ ಅನ್ನುತ್ತಿದ್ದರೆ ಅದೂ ಇದೇ ಗುರುತು. ಗಿರಾಕಿಯೂ ಅದೇ ಟೇಬಲ್ ಮೇಲಿನ ಬೆರಳಚ್ಚು ಮಷೀನ್ ಮುಟ್ಟುತ್ತಾರೆ. ಕರೆಂಟಿನ ಕೆಲಸ ಗೊತ್ತಿರುವವರನ್ನು ಕರೆಸಿ ಅರ್ಥಿಂಗ್ ನೋಡಿಸಿ.

ಎರಡನೆಯದು ಇದಕ್ಕಿಂತ ಅಪಾಯದ್ದು. ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದಂಗೆ ಕಂಡರೆ, ಒತ್ತಿದರೆ ಒಳಗೆ ಹೋಗದಿದ್ದರೆ, ಮುಚ್ಚಳ ಸರಿಯಾಗಿ ಕೂಡದಿದ್ದರೆ, ಕೆಳಗಿನ ಬ್ಯಾಟರಿ ಊದಿರಬಹುದು. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಇರುವುದೇ ಟಚ್‌ಪ್ಯಾಡ್ ಅಡಿಯಲ್ಲಿ. ಅದು ಒಳಗಿನಿಂದ ದೂಡಿದಾಗ ಟಚ್‌ಪ್ಯಾಡ್ ತಾನೇ ಕ್ಲಿಕ್ ಆಗುತ್ತದೆ. ಆಗ ಸೆಟ್ಟಿಂಗ್ಸ್‌ನಲ್ಲಿ ಬಂದ್ ಮಾಡಿ ಕೆಲಸ ಮುಂದುವರಿಸಿದರೆ ರೋಗ ಮುಚ್ಚಿಟ್ಟಂಗೆ. ಚಾರ್ಜರ್ ಕೀಳಿ, ಲ್ಯಾಪ್‌ಟಾಪ್ ಆಫ್ ಮಾಡಿ, ಉಬ್ಬಿದ್ದನ್ನು ಒತ್ತಿ ಕೂರಿಸಲು ಹೋಗಬೇಡಿ, ಚುಚ್ಚಲಂತೂ ಬೇಡವೇ ಬೇಡ. ಊದಿದ ಲಿಥಿಯಂ ಬ್ಯಾಟರಿಗೆ ಪೆಟ್ಟಾದರೆ ಬೆಂಕಿ ಹತ್ತುತ್ತದೆ. ದಿನವಿಡೀ ಚಾರ್ಜರ್‌ನಲ್ಲೇ ಇರುವ, ಪತ್ರಾಸ್ ಕೆಳಗಿನ ಸೆಕೆಯಲ್ಲಿ ಓಡುವ ಅಂಗಡಿ ಲ್ಯಾಪ್‌ಟಾಪ್‌ಗಳ ಬ್ಯಾಟರಿ ಬೇಗ ಹಾಳಾಗುತ್ತದೆ. ಇದಕ್ಕೆ ಮಾತ್ರ ಹುಬ್ಬಳ್ಳಿ ಬಸ್ ಹತ್ತಲೇಬೇಕು.

ಟಚ್‌ಪ್ಯಾಡ್ ಬಂದ್ ಆದರೂ ನಂಬರ್ ನೋಡ್ರಿ

ಮೌಸ್‌ನ ನಡುವಿನ ಗಾಲಿಯೂ ಕೆಲವು ಪುಟಗಳಲ್ಲಿ ಕೈಕೊಡುತ್ತದೆ. ಅಂಕಿ ತುಂಬುವ ಖಾನೆಯಲ್ಲಿ ಕರ್ಸರ್ ಇರುವಾಗಲೇ ಪುಟ ಕೆಳಗಿಳಿಸಲು ಗಾಲಿ ತಿರುಗಿಸಿದರೆ ಅಂಕಿಯೇ ಹೆಚ್ಚುಕಡಿಮೆ ಆಗುತ್ತದೆ. ತುಂಬಿದ ಮೇಲೆ ಖಾಲಿ ಜಾಗದಲ್ಲಿ ಒಮ್ಮೆ ಕ್ಲಿಕ್ ಮಾಡಿ, ಆಮೇಲೆ ಗಾಲಿ ತಿರುಗಿಸಿ.

ಆಧಾರ್‌ನ 12 ಅಂಕಿಗಳಲ್ಲಿ ಕಡೆಯದ್ದು ತಾಳೆ ನೋಡುವ ಅಂಕಿ. ಒಂದು ಅಂಕಿ ತಪ್ಪಿದರೆ ಕಂಪ್ಯೂಟರ್‌ಗೆ ಅದರಿಂದಲೇ ಗೊತ್ತಾಗುತ್ತದೆ. ಐಎಫ್‌ಎಸ್‌ಸಿ ಕೋಡ್ 11 ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷ್ 'ಓ' ಹೊಡೆಯುವವರು ಬಹಳ. ಆದ್ರ ಖಾತೆ ನಂಬರ್‌ಗೆ ಎಲ್ಲ ಬ್ಯಾಂಕಿಗೂ ಒಂದೇ ಲೆಕ್ಕ ಇಲ್ಲ, ಉದ್ದವೂ ಬ್ಯಾಂಕಿಗೊಂದು. ಎರಡನೇ ಸಲ ನಂಬರ್ ಕೇಳುವುದು ಇದಕ್ಕೇ, ಅಲ್ಲಿ ಕಾಪಿ-ಪೇಸ್ಟ್ ಮಾಡಿದರೆ ತಪ್ಪೂ ಪೇಸ್ಟ್ ಆಗುತ್ತದೆ. ಅರ್ಜಿ ಕೊಡಲು ಬಂದವರು ಕೂಡ ಸ್ಕ್ರೀನ್ ತಮ್ಮ ಕಡೆ ತಿರುಗಿಸಲು ಕೇಳಬೇಕು, ಸಂಕೋಚ ಬೇಡ. ಓದಲು ಬರದವರಿಗೆ ಅಂಗಡಿಯವರೇ ಒಂದೊಂದೇ ಅಂಕಿ ಗಟ್ಟಿಯಾಗಿ ಓದಿ ಹೇಳಲಿ.

ಮೌಸೂ ಇಲ್ಲ, ಟಚ್‌ಪ್ಯಾಡೂ ಬಂದ್ ಆಗಿ ಕೂತಿದ್ದರೆ?

ಗಿರಾಕಿ ನಿಂತಿರುವಾಗಲೇ ಹೀಗಾಗೋದು. ಮೊದಲು ಯುಎಸ್‌ಬಿ ರಿಸೀವರ್ ಕೀಳಿ, ಆಮೇಲೆ ಎಫ್‌ಎನ್ ಗುಂಡಿ ನೋಡಿ. ಆಗದಿದ್ದರೆ ವಿಂಡೋಸ್ ಕೀ ಒತ್ತಿ ಬಿಟ್ಟು, ಇಂಗ್ಲಿಷ್‌ನಲ್ಲಿ 'ಟಚ್‌ಪ್ಯಾಡ್' ಅಂತ ಹೊಡೆದು ಎಂಟರ್ ಒತ್ತಿ. ಟಚ್‌ಪ್ಯಾಡ್ ಸೆಟ್ಟಿಂಗ್ಸ್ ಬರುತ್ತದೆ. ಟ್ಯಾಬ್ ಒತ್ತುತ್ತಾ ಆನ್-ಆಫ್ ಗುಂಡಿಯ ಸುತ್ತ ಚೌಕಟ್ಟು ಬರುವ ತನಕ ಹೋಗಿ, ಸ್ಪೇಸ್‌ಬಾರ್ ಒತ್ತಿದರೆ ಚಾಲೂ. ಬಲಗಡೆ ಪ್ರತ್ಯೇಕ ಅಂಕಿ ಗುಂಡಿಗಳಿರುವ ಕೀಬೋರ್ಡ್ ಆದರೆ ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ನಮ್‌ಲಾಕ್ ಮೂರನ್ನೂ ಒಟ್ಟಿಗೆ ಒತ್ತಿ, ಕೇಳಿದಾಗ ಎಸ್ ಅನ್ನಿ. ಆಮೇಲೆ ಆ ಅಂಕಿಗಳಿಂದಲೇ ಬಾಣ ಓಡಾಡುತ್ತದೆ: 8 ಮೇಲೆ, 2 ಕೆಳಗೆ, 4 ಎಡಕ್ಕೆ, 6 ಬಲಕ್ಕೆ, 5 ಒತ್ತಿದರೆ ಕ್ಲಿಕ್. ನಿಧಾನ ಹೋಗುತ್ತದೆ, ಆದರೆ ಎದುರಿಗಿರುವವರ ಅರ್ಜಿ ಮುಗಿಸಿ ಕಳಿಸಲು ಅಡ್ಡಿಯಿಲ್ಲ.