ಕೋಳಿಮರಿಗಳ ತಳಿ ಮತ್ತು ಲಿಂಗ ಪತ್ತೆ: ಹಾವೇರಿ ಸೀಮೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಹಿತ್ತಿಲುಗಳಲ್ಲಿ ತಲೆಮಾರುಗಳಿಂದ ಸಾಕುತ್ತ ಬಂದಿರುವುದು ಜವಾರಿ ಕೋಳಿ. ಇದು ಒಂದು ಶುದ್ಧ ತಳಿಯಲ್ಲ. ಒಂದೇ ಕಾವಿನಿಂದ ಕರಿ, ಕಂದು, ಬಿಳಿ, ಬೆನ್ನಿಗೆ ಪಟ್ಟೆಯಿರುವ ಮರಿಗಳು ಒಟ್ಟಿಗೇ ಹೊರಬರುತ್ತವೆ. ಹಾಗಾಗಿ ತುಪ್ಪುಳಿನ ಬಣ್ಣ ನೋಡಿ ಜವಾರಿ ಮರಿ ಹುಂಜವೋ ಹ್ಯಾಟಿಯೋ ಎಂದು ಹೇಳಲಾಗದು. ಬೋಳುಕುತ್ತಿಗೆಯಂಥ ಒಂದೆರಡು ತಳಿ ಲಕ್ಷಣಗಳಷ್ಟೇ ಮೊದಲ ದಿನವೇ ಕಾಣುತ್ತವೆ.

ಚೂಪು ತತ್ತಿಯಿಂದ ಹುಂಜ, ದುಂಡು ತತ್ತಿಯಿಂದ ಹ್ಯಾಟಿ ಎಂಬ ನಂಬಿಕೆ ಬಹಳ ಹಳೆಯದು. ಕ್ರಿ.ಶ. 1ನೆಯ ಶತಮಾನದ ರೋಮನ್ ಕೃಷಿ ಲೇಖಕ ಕೊಲುಮೆಲ್ಲನೂ ಹೀಗೆಯೇ ಬರೆದಿದ್ದಾನೆ. ಆದರೆ ತತ್ತಿಯ ಆಕಾರಕ್ಕೂ ಲಿಂಗಕ್ಕೂ ಸಂಬಂಧವಿಲ್ಲ. ಹುಂಜಕ್ಕೆ ಎರಡು ಝಡ್ ವರ್ಣತಂತುಗಳು, ಹ್ಯಾಟಿಗೆ ಒಂದು ಝಡ್, ಒಂದು ಡಬ್ಲ್ಯು. ಮನುಷ್ಯರಲ್ಲಿ ತಂದೆಯಿಂದ ತೀರ್ಮಾನವಾಗುವ ಲಿಂಗ ಕೋಳಿಗಳಲ್ಲಿ ತಾಯಿಯಿಂದ ತೀರ್ಮಾನವಾಗುತ್ತದೆ.

ಒಂದು ದಿನದ ಮರಿಯ ಲಿಂಗ ತಿಳಿಯುವ ವಿದ್ಯೆ ರೂಪುಗೊಂಡದ್ದು 1920ರ ದಶಕದ ಜಪಾನಿನಲ್ಲಿ. ಮಸುಯಿ ಮತ್ತು ಹಾಶಿಮೊಟೊ ಎಂಬ ವಿಜ್ಞಾನಿಗಳು ಮರಿಯ ಹೊರದ್ವಾರವನ್ನು ಮೆಲ್ಲಗೆ ಒತ್ತಿ, ಒಳಗಿನ ಸಣ್ಣ ಗುಬುಟನ್ನು ಗುರುತಿಸುವ ವಿಧಾನವನ್ನು ವಿವರಿಸಿದರು. 1927ರಲ್ಲಿ ಕೆನಡಾದ ಒಟ್ಟಾವಾದಲ್ಲಿ ನಡೆದ ವಿಶ್ವ ಕುಕ್ಕುಟ ಸಮ್ಮೇಳನದ ಮೂಲಕ ಅದು ಹೊರಜಗತ್ತಿಗೆ ತಿಳಿಯಿತು. ಇದು ಬಹುಕಾಲದ ಕೈಪಳಗು ಬೇಡುವ ಕೆಲಸ. ಪಳಗದ ಕೈ ಒತ್ತಿದರೆ ಮರಿ ಸಾಯಬಹುದು. ಮನೆಯಲ್ಲಿ ಯಾರೂ ಇದನ್ನು ಪ್ರಯತ್ನಿಸಬಾರದು. 1929ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳಾದ ಪನೆಟ್ ಮತ್ತು ಪೀಸ್, ತುಪ್ಪುಳಿನಲ್ಲೇ ಲಿಂಗ ತೋರುವ ಕ್ಯಾಂಬಾರ್ ತಳಿಯನ್ನು ರೂಪಿಸಿದರು.

ತತ್ತಿ ಕೋಳಿಯ ಹ್ಯಾಚರಿಗಳಿಗೆ ಹುಂಜದ ಮರಿ ಬೇಡ. ಸಂತೆಗಳಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿ ಬುಟ್ಟಿಯಲ್ಲಿಟ್ಟು ಮಾರುವ ಮರಿಗಳು ಬಹುಪಾಲು ಹ್ಯಾಚರಿಗಳು ಬೇರ್ಪಡಿಸಿದ ಹುಂಜಗಳೇ. ತತ್ತಿಯ ಆಸೆಗೆ ಅವನ್ನು ಕೊಂಡವರಿಗೆ ಆಗುವುದು ನಷ್ಟ. ಬಣ್ಣ ಮೆತ್ತಿಸಿಕೊಂಡ ಎಳೆಯ ಮರಿಗಳಿಗೆ ಆಗುವುದು ಹಿಂಸೆ.

1980ರ ದಶಕದ ಕೊನೆಯಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, 2005ರ ಸ್ವರ್ಣಧಾರ, ಹೈದರಾಬಾದಿನ ವನರಾಜ ಮತ್ತು ಗ್ರಾಮಪ್ರಿಯ ತಳಿಗಳು ಹಿತ್ತಿಲಿಗೆ ಬಂದ ಮೇಲೆ ತಳಿಯ ಪ್ರಶ್ನೆ ಇನ್ನಷ್ಟು ತೊಡಕಾಯಿತು. ಇವುಗಳ ಗರಿಯೂ ಬಣ್ಣಬಣ್ಣದ್ದೇ ಆದ್ದರಿಂದ ಎಳೆಯ ಮರಿಯನ್ನು ಜವಾರಿಯೆಂದು ಮಾರುವುದು ಸುಲಭ. ಗಿರಿರಾಜ ಹುಂಜ ಜವಾರಿ ಹ್ಯಾಟಿಯೊಡನೆ ಕೂಡಿದರೆ ಹುಟ್ಟುವ ಮರಿ ಎರಡೂ ಅಲ್ಲ. ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದ ರಾಣೆಬೆನ್ನೂರಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹೈಬ್ರಿಡ್ ಬೆಳೆಯ ಬೀಜವನ್ನೇ ಮತ್ತೆ ಬಿತ್ತಿದರೆ ಮೊದಲಿನ ಗುಣ ನಿಲ್ಲುವುದಿಲ್ಲ, ಕೋಳಿಯಲ್ಲೂ ಅಷ್ಟೇ.

ರೆಕ್ಕೆ ಬಿಡಿಸಿ ಗರಿಯ ಉದ್ದ ನೋಡುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಗರಿ ನಿಧಾನ ಬೆಳೆಯುವ ತಾಯಿಗೆ ಬೇಗ ಬೆಳೆಯುವ ತಂದೆಯನ್ನು ಉದ್ದೇಶಪೂರ್ವಕವಾಗಿ ಕೂಡಿಸಿದಾಗ ಮಾತ್ರ, ಅದೂ ಮೊದಲ ಎರಡು ಮೂರು ದಿನ, ಅದು ನಿಜ. ಜವಾರಿ ಮರಿಗೆ ಹೊಂದದು.

ಜವಾರಿಯಲ್ಲಿ ನಂಬಬಹುದಾದ ಗುರುತುಗಳು ತಡವಾಗಿ ಬರುತ್ತವೆ. ಸುಮಾರು ಆರರಿಂದ ಎಂಟು ವಾರಕ್ಕೆ ಹುಂಜದ ಜುಟ್ಟು ದೊಡ್ಡದಾಗಿ ಕೆಂಪೇರುತ್ತದೆ, ಕಾಲು ದಪ್ಪವಾಗುತ್ತದೆ. ಮೂರು ತಿಂಗಳ ಹೊತ್ತಿಗೆ ಕುತ್ತಿಗೆ ಮತ್ತು ಸೊಂಟದ ಗರಿ ಹುಂಜದಲ್ಲಿ ಚೂಪಾಗಿ ಹೊಳೆಯುತ್ತದೆ, ಹ್ಯಾಟಿಯಲ್ಲಿ ದುಂಡಗೇ ಉಳಿಯುತ್ತದೆ. ತತ್ತಿಗಾಗಿ ಜವಾರಿ ಸಾಕುವವರು ಒಂದು ದಿನದ ಮರಿಗೆ ಹಣ ಕೊಡದೆ, ಜುಟ್ಟು ಮೂಡಿದ ಎರಡು ತಿಂಗಳ ಮರಿಯನ್ನೇ ನೋಡಿ ಕೊಳ್ಳಬೇಕು.