ಅಕ್ಷರ ಅಲ್ಲೇ ಇದೆ, ಓದಲಾಗುತ್ತಿಲ್ಲ

ಸೇಡಂ ತಾಲ್ಲೂಕಿನ ಕಾಗಿಣಾ ನದಿಯ ದಂಡೆಯಲ್ಲಿರುವ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕ್ರಿ.ಶ. 850ರ ಸುಮಾರಿಗೆ ನೃಪತುಂಗನ ಆಸ್ಥಾನದಲ್ಲಿ ರಚಿತವಾದ 'ಕವಿರಾಜಮಾರ್ಗ' ಇಂದು ದೊರೆತಿರುವ ಕನ್ನಡ ಗ್ರಂಥಗಳಲ್ಲೆಲ್ಲ ಹಳೆಯದು. ಬರವಣಿಗೆಯಲ್ಲಿ ಯಾವುದು ದೋಷ, ಯಾವುದು ಅಲ್ಲ ಎಂಬ ವಿವೇಚನೆಯೇ ಅದರ ಮೊದಲ ಪರಿಚ್ಛೇದದ ವಿಷಯ. ಕನ್ನಡವು ಗಣಕದೊಳಗೆ ಕಾಲಿಟ್ಟಾಗ ಅದೇ ಪ್ರಶ್ನೆ ಹೊಸ ವೇಷದಲ್ಲಿ ಎದುರಾಯಿತು.

ಸೇಡಂನಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಬೆಂಗಳೂರಿನ ಗಣಕದಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುವುದುಂಟು. ಕಡತ ಕೆಟ್ಟಿದೆಯೆಂದು ಅದನ್ನು ಅಳಿಸಿದವರೂ ಉಂಟು. ಆದರೆ ಅಲ್ಲಿ ಕೆಟ್ಟದ್ದೇನೂ ಇರುವುದಿಲ್ಲ.

ಹಳೆಯ ಪದ್ಧತಿಯಲ್ಲಿ ಒಂದು ಫಾಂಟಿಗೆ ಹೆಚ್ಚೆಂದರೆ 256 ಮನೆಗಳು. ಆ ಮನೆಗಳಲ್ಲಿ ರೋಮನ್ ಅಕ್ಷರಗಳ ಬದಲು ಕನ್ನಡದ ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳ ಚೂರುಗಳನ್ನು ಕೂರಿಸಲಾಯಿತು. ಹೀಗಾಗಿ ಕಡತದ ಒಳಗಿರುವುದು ರೋಮನ್ ಸಂಕೇತ. ಮೇಲಿನ ಉಡುಪು ಮಾತ್ರ ಕನ್ನಡ. ಫಾಂಟ್ ಇಲ್ಲದ ಗಣಕದಲ್ಲಿ ಆ ಉಡುಪು ಕಳಚಿ ಬೀಳುತ್ತದೆ.

ಕೆ.ಪಿ. ರಾವ್ ಅವರ 'ಸೇಡಿಯಾಪು', 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ', ಬಳಿಕ ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ರೂಪಿಸಿದ 'ನುಡಿ' ಇವು ಕನ್ನಡಿಗರಿಗೆ ಗಣಕವನ್ನು ಒಲಿಸಿಕೊಟ್ಟವು. ಆದರೆ ಪದಸಂಸ್ಕಾರಕ ತಂತ್ರಾಂಶಕ್ಕೆ ಈ ವೇಷಾಂತರ ತಿಳಿಯದು. ಇಂಗ್ಲಿಷ್ ವಾಕ್ಯವೆಂದೇ ಭಾವಿಸಿ, ಪೂರ್ಣವಿರಾಮದ ನಂತರದ ಚಿಕ್ಕಕ್ಷರವನ್ನು ಅದು ತಾನಾಗಿ ದೊಡ್ಡಕ್ಷರ ಮಾಡುತ್ತದೆ; ಕನ್ನಡದ ಒಂದು ಅಕ್ಷರ ಇನ್ನೊಂದಾಗುತ್ತದೆ. ಎಷ್ಟು ಬಾರಿ ತಿದ್ದಿದರೂ ತಪ್ಪು ಮರಳಿ ಬರುವುದಕ್ಕೆ ಇದೇ ಕಾರಣ. ಸ್ವಯಂ ತಿದ್ದುಪಡಿಯ ಸೌಲಭ್ಯವನ್ನು ನಿಲ್ಲಿಸುವುದೇ ಇದಕ್ಕೆ ಮದ್ದು.

ಮೂಲ ರೋಗಕ್ಕೆ ಔಷಧ ಯುನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಡಲಾಗಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡದ 'ತುಂಗಾ' ಫಾಂಟ್ ಸೇರಿತು. ಇಲ್ಲಿ ಫಾಂಟ್ ಬದಲಾದರೂ ಅಕ್ಷರ ಬದಲಾಗದು.

ಹಳೆಯ ಕಡತವನ್ನು ಯುನಿಕೋಡಿಗೆ ಪರಿವರ್ತಿಸುವಾಗ ಕೆಲವೆಡೆ ಎಚ್ಚರ ಬೇಕು. 'ಸೂರ್ಯ' ಎಂಬಲ್ಲಿ ಅರ್ಕಾವತ್ತು ಕಣ್ಣಿಗೆ ಕೊನೆಯಲ್ಲಿದೆ; ಉಚ್ಚಾರದಲ್ಲಿ ಯಕಾರಕ್ಕಿಂತ ಮೊದಲು. ಹಳೆಯ ಫಾಂಟುಗಳು ಕಂಡ ಕ್ರಮವನ್ನು ಪಾಲಿಸಿದರೆ ಯುನಿಕೋಡ್ ಉಚ್ಚಾರದ ಕ್ರಮವನ್ನು ಪಾಲಿಸುತ್ತದೆ. 'ರ‍್ಯಾಂಕ್' ಎಂದು ಬರೆಯಲು ಕಾಣದ ಜೋಡಿಸುವ ಚಿಹ್ನೆ ಬೇಕು. 'ಸಾಫ್ಟ್‌ವೇರ್' ಎಂಬಲ್ಲಿ ಕಾಣದ ಬಿಡಿಸುವ ಚಿಹ್ನೆ ಬಿದ್ದುಹೋದರೆ ಅದು 'ಸಾಫ್ಟ್ವೇರ್' ಆಗುತ್ತದೆ. ಪರಿವರ್ತನೆಯ ನಂತರ ಈ ಜಾಗಗಳನ್ನು ಕಣ್ಣಾರೆ ನೋಡಲೇಬೇಕು.

ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನದ ಕಲ್ಲು ದೇವಿಯ ಮೂರ್ತಿಗೆ ಪೀಠವಾಗಿತ್ತು. 1980ರ ದಶಕದಲ್ಲಿ ಅದು ಬೆಳಕಿಗೆ ಬಂದಾಗ ವಿದ್ವಾಂಸರು ಓದಬಲ್ಲವರಾಗಿದ್ದರು. ಜೇಮ್ಸ್ ಪ್ರಿನ್ಸೆಪ್ 1837ರಲ್ಲೇ ಬ್ರಾಹ್ಮಿಯ ಕೀಲಿ ಬಿಡಿಸಿದ್ದ. ನಮ್ಮ ಸಂಘಸಂಸ್ಥೆಗಳ ಸ್ಮರಣ ಸಂಚಿಕೆ, ಪ್ರಬಂಧ, ಊರಿನ ಚರಿತ್ರೆಗಳು ಎಷ್ಟೋ ಹಳೆಯ ಫಾಂಟುಗಳಲ್ಲಿ ಉಳಿದಿವೆ. ಕೀಲಿ ತಿಳಿದವರು ಇರುವಾಗಲೇ ಅವನ್ನು ಪರಿವರ್ತಿಸಿಡುವುದು ಜಾಣತನ. ಅವಕ್ಕೆ ಇನ್ನೊಬ್ಬ ಪ್ರಿನ್ಸೆಪ್ ಸಿಗುತ್ತಾನೆಂಬ ಭರವಸೆಯಿಲ್ಲ.